‘ನಂಬಿದರೆ ಸಾಕು, ಹೇಗಾದರೂ ಬದುಕಿ’ ಅಂತ ಲೂಥರ್ ಹೇಳಲಿಲ್ಲ

ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಮಾತಿದು: ‘ಪ್ರೊಟೆಸ್ಟೆಂಟರು ನಂಬಿದರೆ ಸಾಕು, ಹೇಗೆ ಬದುಕಿದರೂ ರಕ್ಷಣೆ (ಪಾಪದಿಂದ ಬಿಡುಗಡೆ). ಕ್ಯಾಥೋಲಿಕರು ಒಳ್ಳೆ ಕೆಲಸ ಮಾಡಿ ರಕ್ಷಣೆ ಗಳಿಸುತ್ತಾರೆ.’ ಎರಡೂ ತಪ್ಪು.

ರಕ್ಷಣೆ ನಂಬಿಕೆಯಿಂದ ಮಾತ್ರ ಅಂತ ಪ್ರೊಟೆಸ್ಟೆಂಟ್ ಚಳವಳಿ ಶುರು ಮಾಡಿದ ಮಾರ್ಟಿನ್ ಲೂಥರ್ ಹೇಳಿದ್ದು ನಿಜ. ಆದರೆ ನಿಜವಾದ ನಂಬಿಕೆ ಸುಮ್ನೆ ಕೂರುವುದಿಲ್ಲ, ಒಳ್ಳೆ ಕೆಲಸ ಮಾಡಿಯೇ ತೀರುತ್ತದೆ ಅಂತ 1522ರಲ್ಲಿ ಬರೆದವರೂ ಅವರೇ. ಈ ಅರ್ಧ ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ!

ಇತ್ತ, ದೇವರು ನಮ್ಮನ್ನು ನೀತಿವಂತರನ್ನಾಗಿ ಮಾಡುವ ಕೃಪೆಯನ್ನು ಯಾವ ಕೆಲಸದಿಂದಲೂ ಸಂಪಾದಿಸಲಾಗದು ಎಂದು ಕ್ಯಾಥೋಲಿಕರ ಟ್ರೆಂಟ್ ಮಹಾಸಭೆ 1547ರಲ್ಲೇ ಹೇಳಿತ್ತು. ಕೃಪೆ ಸಿಕ್ಕ ಮೇಲೆ ಮಾಡುವ ಕೆಲಸಕ್ಕೆ ಎಷ್ಟು ಬೆಲೆ? ಜಗಳ ಜಾಸ್ತಿ ಇರುವುದು ಅಲ್ಲಿ. ಆದರೂ ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ, ಕ್ರಿಸ್ತನ ಮೇಲಿನ ನಂಬಿಕೆಯಿಂದ ಎಂಬ ಜಂಟಿ ಘೋಷಣೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕ್ಯಾಥೋಲಿಕರೂ ಸಹಿ ಹಾಕಿದರು. 2006ರಲ್ಲಿ ಇನ್ನೊಂದು ಪ್ರೊಟೆಸ್ಟೆಂಟ್ ಪಂಗಡವಾದ ಮೆಥೋಡಿಸ್ಟರೂ ಸೇರಿಕೊಂಡರು.