ಪಿಡಿಎಫ್ ಹಾಕಿದ್ದೇವೆ, ಓದಿಕೊಳ್ಳಿ!

ಆನ್‌ಲೈನ್ ಪಾಠ ಅಂದಕೂಡಲೇ ಆ್ಯಪ್ ಯಾವುದು, ಕ್ಯಾಮೆರಾ ಎಂಥದ್ದು ಅನ್ನುವ ಚರ್ಚೆಯೇ ಜೋರು. ಕಣ್ಣು ಕಾಣದ ವಿದ್ಯಾರ್ಥಿ ಎಡವುವುದು ಅಲ್ಲೆಲ್ಲೂ ಅಲ್ಲ, ಸ್ಕ್ಯಾನ್ ಮಾಡಿ ಹಾಕಿದ ನೋಟ್ಸ್‌ನಲ್ಲಿ.

ಪಿಡಿಎಫ್ ತೆರೆದು ಒಂದು ಸಾಲನ್ನು ಮೌಸ್‌ನಿಂದ ಸೆಲೆಕ್ಟ್ ಮಾಡಿ ನೋಡಿ. ಅಕ್ಷರಗಳು ಸೆಲೆಕ್ಟ್ ಆಗದಿದ್ದರೆ ಅದು ಬರೀ ಪುಟದ ಫೋಟೋ. ತೆರೆಯ ಮೇಲಿನ ಪಠ್ಯವನ್ನು ಓದಿಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್‌ಗೆ ಓದಲು ಅಲ್ಲಿ ಪಠ್ಯವೇ ಇಲ್ಲ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್ ಆದರಂತೂ ಕಣ್ಣಿಗೆ ಕನ್ನಡ, ಕಿವಿಗೆ ಕಲಸುಮೇಲೋಗರ.

ರಿಪೇರಿ ಮೂಲ ವರ್ಡ್ ಫೈಲ್‌ನಲ್ಲೇ ಆಗಬೇಕು. ಶೀರ್ಷಿಕೆಯನ್ನು ದಪ್ಪ ಮಾಡಿದರೆ ಸಾಲದು, ‘ಹೆಡಿಂಗ್ 1’, ‘ಹೆಡಿಂಗ್ 2’ ಸ್ಟೈಲ್ ಕೊಡಿ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುವವರು ಎಚ್ ಕೀ ಒತ್ತುತ್ತಾ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಾರೆ. ಸ್ಟೈಲ್ ಇಲ್ಲದಿದ್ದರೆ 40 ಪುಟವನ್ನೂ ಮೊದಲಿಂದ ಕೇಳುತ್ತಾ ಹುಡುಕಬೇಕು. ಇಷ್ಟೆಲ್ಲ ಮಾಡಿ ಕೊನೆಗೆ ‘ಪ್ರಿಂಟ್ ಟು ಪಿಡಿಎಫ್’ ಒತ್ತಿದಿರೋ, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಶೀರ್ಷಿಕೆ ಯಾವುದು, ಪ್ಯಾರಾ ಯಾವುದು ಎಂದು ಸ್ಕ್ರೀನ್ ರೀಡರ್‌ಗೆ ತಿಳಿಸುವ ಟ್ಯಾಗ್‌ಗಳೆಲ್ಲ ಉದುರಿಹೋಗುತ್ತವೆ. ‘ಸೇವ್ ಆ್ಯಸ್’ನಲ್ಲಿ ಪಿಡಿಎಫ್ ಆರಿಸಿ, ಆಪ್ಷನ್ಸ್ ಒಳಗೆ ಟ್ಯಾಗ್‌ಗಳಿಗೆ ಟಿಕ್ ಇದೆಯೇ ನೋಡಿಕೊಳ್ಳಿ.

ಚಿತ್ರಕ್ಕೆ ‘ಗ್ರಾಫ್’ ಎಂದಷ್ಟೇ ಆಲ್ಟ್ ಪಠ್ಯ (ಚಿತ್ರದ ಬದಲಿಗೆ ಸ್ಕ್ರೀನ್ ರೀಡರ್ ಓದುವ ವಿವರಣೆ) ಬರೆಯುವುದು ಬರೆಯದೇ ಇರುವುದಕ್ಕೆ ಸಮ. ಗ್ರಾಫ್ ಏನು ಹೇಳುತ್ತದೋ ಅದನ್ನು ಬರೆಯಿರಿ. ಕ್ವಿಜ್‌ನಲ್ಲಿ ಮಾತ್ರ ಹುಷಾರು, ಉತ್ತರವನ್ನೇ ಬರೆದುಬಿಟ್ಟೀರಿ!

ವಿಡಿಯೋದಲ್ಲಿ ‘ಇದನ್ನು ಇಲ್ಲಿಗೆ ತಂದರೆ ಇದು ಬರುತ್ತೆ’ ಅನ್ನುವ ಬದಲು ‘ಬಲಗಡೆಯ 3ಎಕ್ಸ್ ಎಡಕ್ಕೆ ಬಂದರೆ ಮೈನಸ್ 3ಎಕ್ಸ್’ ಅನ್ನಿ. ಹೀಗೆ ಬಾಯಿಬಿಟ್ಟು ಹೇಳಿದ ಪಾಠವನ್ನು ಆಡಿಯೋ ಆಗಿಯೂ ಕೊಡಬಹುದು. 64 ಕೆಬಿಪಿಎಸ್‌ನಲ್ಲಿ ಅರ್ಧ ಗಂಟೆಗೆ ಸುಮಾರು 14 ಎಂಬಿ. ನೆಟ್‌ವರ್ಕ್ ಕುಂಟುವವರಿಗೂ ದಕ್ಕುತ್ತದೆ. ತಾನಾಗಿ ಮೂಡುವ ಕ್ಯಾಪ್ಷನ್ ಅನ್ನು ತಿದ್ದದೆ ಬಿಡಬೇಡಿ. ‘ಕರಗುವುದಿಲ್ಲ’ ಹೋಗಿ ‘ಕರಗುವುದು’ ಆದರೆ ಕಿವಿ ಕೇಳದವರು ಕಲಿಯುವುದು ಅದನ್ನೇ.

ಕ್ವಿಜ್‌ನಲ್ಲಿ ನನಗೆ ಕಿರಿಕಿರಿ ತರುವುದು ಎಳೆದು ಹೊಂದಿಸುವ ಪ್ರಶ್ನೆಗಳು. ಕೈ ನಡುಗುವವರಿಗೆ ಅದು ಜ್ಞಾನದ ಪರೀಕ್ಷೆಯಲ್ಲ, ಬೆರಳಿನ ಪರೀಕ್ಷೆ. 2023ರಲ್ಲಿ ಬಂದ, ವೆಬ್ ಎಲ್ಲರಿಗೂ ಎಟುಕುವಂತೆ ಮಾಡುವ ಮಾರ್ಗಸೂಚಿ ಡಬ್ಲ್ಯುಸಿಎಜಿ 2.2, ಎಳೆಯದೆ ಬರೀ ಕ್ಲಿಕ್‌ನಲ್ಲೇ ಮುಗಿಸುವ ದಾರಿಯೂ ಇರಲಿ ಅನ್ನುತ್ತದೆ. ತಪ್ಪನ್ನು ಕೆಂಪು ಬಣ್ಣದಿಂದಷ್ಟೇ ತೋರಿಸಬೇಡಿ, ‘ತಪ್ಪು’ ಎಂದು ಬರೆಯಿರಿ. ಟೈಮರ್ ಇದ್ದರೆ, ಹೆಚ್ಚು ಸಮಯ ಬೇಕಾದವರಿಗೆ ಅದನ್ನು ಮೊದಲೇ ಹೊಂದಿಸಿಡಿ. ಪರೀಕ್ಷೆಯ ನಡುವೆ ಕೈಯೆತ್ತಿ ಬೇಡುವ ಹಾಗಾಗಬಾರದು.

ಕೋರ್ಸ್ ಬಿಡುಗಡೆ ಮಾಡುವ ಮುನ್ನ ಮೌಸ್ ಪಕ್ಕಕ್ಕಿಟ್ಟು ಟ್ಯಾಬ್, ಎಂಟರ್, ಬಾಣದ ಕೀಗಳಲ್ಲೇ ಲಾಗಿನ್‌ನಿಂದ ಸಬ್ಮಿಟ್‌ವರೆಗೆ ಹೋಗಿಬನ್ನಿ. ಈಗ ಎಲ್ಲಿದ್ದೀರಿ ಅಂತಲೇ ತಿಳಿಯದಿದ್ದರೆ, ಅಂದ ಕೆಡುತ್ತದೆ ಅಂತ ಡಿಸೈನರ್ ಕಿತ್ತುಹಾಕಿದ ಫೋಕಸ್ ಚೌಕಟ್ಟನ್ನು (ಈಗ ನೀವಿರುವ ಗುಂಡಿ ಅಥವಾ ಕೊಂಡಿಯ ಸುತ್ತ ಮೂಡುವ ಗೆರೆ) ಮೊದಲು ವಾಪಸ್ ಹಾಕಿಸಿ.