ಬಾಟ್ ಬಂತು, ಕೆಲಸ ಜಾಸ್ತಿಯಾಯ್ತು

ನಮ್ಮ ಅಕೌಂಟ್ಸ್ ವಿಭಾಗಕ್ಕೆ ಬಿಲ್ ಎಂಟ್ರಿ ಮಾಡುವ ಬಾಟ್, ಅಂದರೆ ನಮ್ಮ ಬದಲು ತಾನೇ ಟೈಪ್ ಮಾಡುವ ಸಾಫ್ಟ್‌ವೇರ್, ಬಂದಿದೆ. ಅದು ವ್ಯವಹರಿಸಬೇಕಿರುವುದು ಎಎಸ್/400 ಅನ್ನೋ ಐಬಿಎಂನ ಹಳೇ ಕಂಪ್ಯೂಟರ್ ಸಿಸ್ಟಮ್ ಜೊತೆ. 1988ರಲ್ಲಿ ಶುರುವಾದ ವಂಶ ಅದು. ಕಪ್ಪು ಪರದೆ, ಹಸಿರು ಅಕ್ಷರ, 24 ಸಾಲು, ಸಾಲಿಗೆ 80 ಅಕ್ಷರ.

ಎಪಿಐ (ಎರಡು ಸಾಫ್ಟ್‌ವೇರ್‌ಗಳು ಪರದೆಯ ಹಂಗಿಲ್ಲದೆ ನೇರವಾಗಿ ಮಾತಾಡಿಕೊಳ್ಳುವ ದಾರಿ) ಬರೆಸಿ ಅಂದರೆ ಬಜೆಟ್ ಇಲ್ವಂತೆ. ಹಾಗಾಗಿ ಬಾಟ್ ಪರದೆಯನ್ನೇ ಓದುತ್ತದೆ, ಇಂಥ ಸಾಲಿನ ಇಂಥ ಜಾಗದಲ್ಲಿ ಇನ್‌ವಾಯ್ಸ್ ನಂಬರ್ ಅಂತ. ಮಧ್ಯೆ 'ಪಾಸ್‌ವರ್ಡ್ ಬದಲಿಸಿ' ಅನ್ನೋ ಮೆಸೇಜ್ ಬಂದರೆ ಮುಗೀತು, ಜಾತ್ರೆಯಲ್ಲಿ ಅಮ್ಮನ ಕೈ ಬಿಟ್ಟ ಮಗುವಿನ ಹಾಗೆ ನಿಂತುಬಿಡುತ್ತದೆ. ನಿಂತರೂ ಪರವಾಗಿಲ್ಲ. ಕೆಲವೊಮ್ಮೆ ನಿಲ್ಲದೆ, ಮೊತ್ತದ ಜಾಗದಲ್ಲಿ ತಾರೀಕು ತುಂಬಿಸುತ್ತದೆ! ಹುಡುಕಿ ತಿದ್ದುವವರು ಯಾರು? ನಾವೇ.

ಮೇಲಿನವರ ಸ್ಲೈಡ್‌ನಲ್ಲಿ ಮಾತ್ರ ಇದು 'ಪೂರ್ತಿ ಆಟೊಮೇಟೆಡ್'. ಹಳೇ ಸಿಸ್ಟಮ್ ಪಾಪ, ತನ್ನ ಪಾಡಿಗೆ ನೆಟ್ಟಗೆ ಕೆಲಸ ಮಾಡುತ್ತಿದೆ. ಅದನ್ನು ಬೈಯಲೂ ಮನಸ್ಸು ಬರುವುದಿಲ್ಲ.