ಲಂಗರಿನ ವಾದವೂ ಕೋಲಾರದ ಬೋರಿನ ಪಾಯಿಂಟೂ

ಕೋಲಾರ ಜಿಲ್ಲೆಯಲ್ಲಿ ಬೋರ್‌ವೆಲ್ ಕೊರೆಸುವ ಜಾಗದ ಗುರುತನ್ನು, ಎಂದರೆ ಪಾಯಿಂಟನ್ನು, ಯಾರಿಂದ ಹಾಕಿಸಬೇಕು ಎಂಬ ವಾದವನ್ನು ಕೇಳುತ್ತ ಬೆಳೆದವರಿಗೆ, ಯಾವ ಲಂಗರು ತಳದ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ ಎಂದು ಹಾಯಿದೋಣಿ ಇಟ್ಟುಕೊಂಡವರು ನಡೆಸುವ ವಾದ ಅಷ್ಟೇನೂ ಹೊಸದೆನಿಸುವುದಿಲ್ಲ. ವೇಮಗಲ್ ಕಡೆಯ ಹಳ್ಳಿಯಿಂದ ಹೋಗಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನೆಲೆಸಿರುವ ನಾನು, ರಜೆ ಸಿಕ್ಕಾಗ ಗೆಳೆಯರ ದೋಣಿಯಲ್ಲಿ ಹೌರಾಕಿ ಕೊಲ್ಲಿಯ ದ್ವೀಪಗಳನ್ನು ಸುತ್ತುತ್ತೇನೆ. ಸಂಜೆ ದೋಣಿ ನಿಲ್ಲಿಸಿ ಕುಳಿತ ಮೇಲೆ ಯಾರಾದರೊಬ್ಬರು ಪಕ್ಕದ ದೋಣಿಯ ಮೂತಿಯಲ್ಲಿ ತೂಗುವ ಲಂಗರನ್ನು ನೋಡಿ ‘ಪಾಪ’ ಎನ್ನುತ್ತಾರೆ. ಅಲ್ಲಿಂದ ಊಟ ತಣ್ಣಗಾಗುವವರೆಗೂ ಬೇರೆ ಮಾತಿಲ್ಲ.

ಪಂಗಡಗಳು ಹಳೆಯವು. 1933ರಲ್ಲಿ ನೇಗಿಲ ಗುಳದ ಆಕಾರದ ಸಿಕ್ಯೂಆರ್ ಲಂಗರನ್ನು ರೂಪಿಸಿದವರು ಕೇಂಬ್ರಿಜ್‌ನ ಜಿ.ಐ. ಟೇಲರ್. ದ್ರವಗಳ ಚಲನೆಯ ಗಣಿತದಲ್ಲಿ ಕಳೆದ ಶತಮಾನದ ದೊಡ್ಡ ಹೆಸರುಗಳಲ್ಲಿ ಒಬ್ಬರಾದ ಅವರು ಸ್ವತಃ ಹಾಯಿದೋಣಿ ನಡೆಸುತ್ತಿದ್ದವರು. ಆದ್ದರಿಂದ ಸಿಕ್ಯೂಆರ್ ಪಕ್ಷದ ಹಿರಿಯರು ‘ಇದು ಗಣಿತಜ್ಞನ ಲಂಗರು’ ಎಂದು ಹೇಳಿ ಚರ್ಚೆ ಮುಗಿಯಿತೆಂದು ಭಾವಿಸುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ದಡಕ್ಕೆ ಸೈನ್ಯ ಇಳಿಸುವ ದೋಣಿಗಳಿಗೆ ಬಳಕೆಯಾದ, ಚಪ್ಪಟೆ ಅಲಗುಗಳ ಡ್ಯಾನ್‌ಫರ್ತ್ ಲಂಗರಿನವರು ಯುದ್ಧವನ್ನೇ ಸಾಕ್ಷಿಗೆ ಕರೆಯುತ್ತಾರೆ. ಪಂಜದಂತಿರುವ ಬ್ರೂಸ್ ಲಂಗರಿನವರಿಗೆ 1970ರ ದಶಕದ ಉತ್ತರ ಸಮುದ್ರದ ತೈಲ ವೇದಿಕೆಗಳೇ ಆಧಾರ. ನಮ್ಮ ಆಕ್ಲೆಂಡಿನಲ್ಲಂತೂ ಈಗಿನ ಗುದ್ದಾಟ ನ್ಯೂಜಿಲೆಂಡಿನಲ್ಲೇ ಹುಟ್ಟಿದ ಎರಡು ಹೆಸರುಗಳದ್ದು: ರೋಕ್ನಾ ಮತ್ತು ಮ್ಯಾನ್ಸನ್ ಸುಪ್ರೀಮ್. ಎರಡಕ್ಕೂ ಬೆನ್ನಿನ ಮೇಲೆ ಕಮಾನಿನಂಥ ಸರಳೊಂದಿದ್ದು, ಲಂಗರು ತಲೆಕೆಳಗಾಗಿ ಬಿದ್ದರೆ ಅದು ಮಗುಚಿಸಿ ಮೂತಿಯನ್ನು ನೆಲಕ್ಕೆ ತಿರುಗಿಸುತ್ತದೆ. ಹತ್ತು ಹೆಜ್ಜೆ ದೂರದಿಂದ ನೋಡಿದರೆ ನನಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಆದರೂ ಒಂದನ್ನು ಕೊಂಡವರು ಇನ್ನೊಂದನ್ನು ಕೊಂಡವರ ಬುದ್ಧಿಯ ಬಗ್ಗೆ ಮರುಕಪಡುತ್ತಾರೆ. ತೂಕದ ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಪ್ಪಿಗೆಯಾದ ಒಂದು ಸೂತ್ರವಿದೆ: ಧಕ್ಕೆಯ ಮೇಲೆ ನಿಂತವರು ನೋಡಿ ನಗುವಷ್ಟು ದೊಡ್ಡದಿದ್ದರೆ ಲಂಗರಿನ ಅಳತೆ ಸರಿಯಿದೆ.

ಹಾಗಾದರೆ ಪರೀಕ್ಷೆ ಮಾಡಿ ಇತ್ಯರ್ಥ ಮಾಡಬಾರದೇ ಎಂದು ಕೇಳಬಹುದು. ಮಾಡಿದ್ದಾರೆ, ಅದೂ ನೂರೈವತ್ತು ವರ್ಷಕ್ಕೂ ಹಿಂದಿನಿಂದ. 1852ರಲ್ಲಿ ಬ್ರಿಟಿಷ್ ನೌಕಾಡಳಿತ ಇದಕ್ಕಾಗಿಯೇ ಒಂದು ಸಮಿತಿ ನೇಮಿಸಿ ಬಗೆಬಗೆಯ ಲಂಗರುಗಳನ್ನು ಸ್ಪರ್ಧೆಗಿಳಿಸಿತು. ಟ್ರಾಟ್‌ಮನ್ ಎಂಬವರ ಲಂಗರು ಮೊದಲ ಸ್ಥಾನ ಪಡೆಯಿತು. ಇಂದು ಅದನ್ನು ನೋಡಬೇಕಾದರೆ ವಸ್ತುಸಂಗ್ರಹಾಲಯವೇ ಗತಿ, ವಾದ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಈಗಿನ ಪರೀಕ್ಷೆಗಳಲ್ಲಿ ಹಗ್ಗದ ನಡುವೆ ಎಳೆತವನ್ನು ಅಳೆಯುವ ಉಪಕರಣ ಸೇರಿಸಿ, ದೊಡ್ಡ ದೋಣಿಯಿಂದ ಎಳೆದು, ಎಷ್ಟು ಬಲಕ್ಕೆ ಲಂಗರು ಜಾರಿತೆಂದು ಬರೆದುಕೊಳ್ಳುತ್ತಾರೆ. ಅದೇ ಲಂಗರನ್ನು ಅದೇ ಕೊಲ್ಲಿಯಲ್ಲಿ ಸ್ವಲ್ಪ ಆಚೆ ಇಳಿಸಿದರೆ ಅಂಕಿ ಬೇರೆಯಾಗುತ್ತದೆ, ಏಕೆಂದರೆ ಅಲ್ಲಿ ಮರಳಿನ ಕೆಳಗೆ ಚಿಪ್ಪಿನ ಪದರವಿರಬಹುದು, ಕೆಸರು ಇನ್ನೂ ಮೆತ್ತಗಿರಬಹುದು, ಕಡಲಕಳೆಯ ಬೇರುಗಳು ಹೆಣೆದುಕೊಂಡಿರಬಹುದು. ಎಂಜಿನ್ನು ಒಂದೇ ಸಮನೆ ಎಳೆಯುತ್ತದೆ. ಗಾಳಿ ಹಾಗಲ್ಲ, ಅದು ಬಿಟ್ಟುಬಿಟ್ಟು ಜಗ್ಗುತ್ತದೆ, ರಾತ್ರಿ ದಿಕ್ಕನ್ನೂ ಬದಲಿಸುತ್ತದೆ, ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ. ಇನ್ನು ಪರೀಕ್ಷೆ ಮಾಡಿಸಿದವರು ಯಾರೆಂಬ ಪ್ರಶ್ನೆ. 2014ರಲ್ಲಿ ಅಮೆರಿಕದ ಚೆಸಪೀಕ್ ಕೊಲ್ಲಿಯ ಮೆತ್ತನೆಯ ಕೆಸರಿನಲ್ಲಿ ಹಲವು ಲಂಗರುಗಳನ್ನು ಎಳೆಸಿದವರು ಫೋರ್ಟ್ರೆಸ್ ಲಂಗರಿನ ತಯಾರಕರು, ಗೆದ್ದದ್ದು ಫೋರ್ಟ್ರೆಸ್. ಅವರು ಹೊರಗಿನವರನ್ನು ಕರೆದು ಕೂರಿಸಿಕೊಂಡೇ ಎಳೆಸಿದ್ದರು, ಅಗಲ ಅಲಗಿನ ಲಂಗರು ಮೆತ್ತನೆಯ ಕೆಸರಿನಲ್ಲಿ ಹೆಚ್ಚು ಹಿಡಿಯುವುದು ನ್ಯಾಯವೂ ಹೌದು. ಆದರೂ ಗೆಲ್ಲುವ ಅಂಗಳವನ್ನು ತಾವೇ ಆರಿಸಿಕೊಂಡರು ಎಂಬ ಗೊಣಗಾಟ ನಿಂತಿಲ್ಲ.

ಊರಿಗೆ ಬಂದಾಗ ಈ ಕಥೆಯನ್ನು ಜಗಲಿಯಲ್ಲಿ ಕುಳಿತು ದೊಡ್ಡಪ್ಪನಿಗೆ ಹೇಳಿದೆ. ಸಮುದ್ರವನ್ನು ಒಮ್ಮೆಯೂ ನೋಡದ ಅವರು ಅಲಗಿನ ಆಕಾರಗಳ ವಿವರಣೆಯನ್ನೆಲ್ಲ ತಾಳ್ಮೆಯಿಂದ ಕೇಳಿ, “ಅಲ್ಲಪ್ಪ, ಹಗ್ಗ ಎಷ್ಟುದ್ದ ಬಿಡ್ತೀರಿ?” ಎಂದರು. ನೀರು 5 ಮೀಟರ್ ಆಳವಿದ್ದು, ದೋಣಿಯ ಮೂತಿ ನೀರಿನಿಂದ 1 ಮೀಟರ್ ಮೇಲಿದ್ದರೆ, ಆ 6 ಮೀಟರಿನ ಐದರಷ್ಟು, ಎಂದರೆ 30 ಮೀಟರ್ ಸರಪಳಿ ಬಿಡುವುದು ಸಾಮಾನ್ಯ ಲೆಕ್ಕವೆಂದೂ, ಆಕ್ಲೆಂಡಿನಲ್ಲಿ ಭರತದ ಹೊತ್ತಿಗೆ ನೀರು ಸುಮಾರು 3 ಮೀಟರ್‌ವರೆಗೆ ಏರುವುದರಿಂದ ಅದನ್ನೂ ಸೇರಿಸಿಕೊಳ್ಳಬೇಕೆಂದೂ ಹೇಳಿದೆ. “ಅದೇ ಮತ್ತೆ. ಮೇಲಕ್ಕೆ ಎಳೆದ್ರೆ ಗುಳ ಕಿತ್ಕೊಂಡು ಬತ್ತದೆ, ಅಡ್ಡಕ್ಕೆ ಎಳೆದ್ರೆ ನೆಲಕ್ಕೆ ಇಳೀತದೆ. ಇದಕ್ಕೆ ಜಗಳ ಯಾಕೆ?” ಎಂದು ಅವರು ಎಲೆಗೆ ಸುಣ್ಣ ಹಚ್ಚತೊಡಗಿದರು. ಎತ್ತು ಕಟ್ಟಿ ಉತ್ತವರಿಗೆ ಎಳೆತದ ಕೋನವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸರಪಳಿ ಕಡಿಮೆ ಬಿಟ್ಟವನ ಲಂಗರು ಯಾವ ಕಂಪನಿಯದಾದರೂ ಜಾರುತ್ತದೆ ಎಂಬ ಸರಳ ಸತ್ಯ ನಮ್ಮ ದೋಣಿಯ ಚರ್ಚೆಗಳಲ್ಲಿ ಬರುವುದು ತೀರ ಕೊನೆಯಲ್ಲಿ, ಅದೂ ಯಾರಾದರೂ ಎದ್ದು ಹೊರಟ ಮೇಲೆ.

ದೊಡ್ಡಪ್ಪನ ಈ ಜಾಣ್ಮೆ ಬೋರಿನ ವಿಷಯಕ್ಕೆ ಬಂದೊಡನೆ ಎಲ್ಲಿ ಹೋಗುತ್ತದೋ ತಿಳಿಯದು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುವವರು, ಕಾಯಿ ಎದ್ದು ನಿಂತ ಜಾಗದಲ್ಲಿ ಕಲ್ಲು ನೆಡುತ್ತಾರೆ. ಕವಲೊಡೆದ ಬೇವಿನ ಕಡ್ಡಿ ಹಿಡಿಯುವವರದು ಇನ್ನೊಂದು ಪಂಗಡ. ನಾಲ್ಕು ಕಂಬಿಗಳನ್ನು ನೆಲಕ್ಕೆ ಹೊಡೆದು, ವಿದ್ಯುತ್ ಹರಿಸಿ, ಯಂತ್ರದಲ್ಲಿ ರೋಧವನ್ನು ಅಳೆಯುವ ಭೂವಿಜ್ಞಾನಿಗಳೂ ಇದ್ದಾರೆ. ಅವರ ಪಾಯಿಂಟ್ ಮೇಲೆ ಕಾಯಿಯವರ ಒಪ್ಪಿಗೆಯನ್ನೂ ಪಡೆದು ‘ಎರಡೂ ಒಂದೇ ಕಡೆ ಬಂತು’ ಎಂದು ಸಮಾಧಾನಪಟ್ಟುಕೊಳ್ಳುವ ಮನೆಗಳೂ ಇವೆ. ಕೆಳಗಿರುವುದು ಗಟ್ಟಿ ಗ್ರಾನೈಟು, ನೈಸ್ ಬಂಡೆ. ನೀರಿರುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ತಮಿಳುನಾಡಿನ ತಿರುಚೆಂಗೋಡಿನ ನೋಂದಣಿಯ, ಬೋರ್ ಕೊರೆಯುವ ಲಾರಿ ಬಂದು ರಾತ್ರಿಯೆಲ್ಲ ಕೊರೆದು, ಸಾವಿರ ಅಡಿ ದಾಟಿದರೂ ಬಿಳಿ ಧೂಳೇ ಬರುತ್ತಿದ್ದರೆ, ಪಾಯಿಂಟ್ ಹಾಕಿದವರು ‘ನಾನು ತೋರಿಸಿದ ಜಾಗಕ್ಕಿಂತ ಒಂದಡಿ ಆಚೆ ಲಾರಿ ನಿಲ್ಲಿಸಿದ್ದಾರೆ’ ಎನ್ನುತ್ತಾರೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿದ ಮೇಲೆ, ತುಂಬಿದ ಕೆರೆಯ ಹಿಂದಿನ ಹೊಲದಲ್ಲಿ ಕಾಯಿ ನಿಲ್ಲಿಸಿದವರ ಹೆಸರು ಊರೂರಿಗೆ ಹರಡಿದೆ. ಇದು ಚೆಸಪೀಕ್ ತಂತ್ರಕ್ಕಿಂತ ಒಂದು ಕೈ ಮೇಲೇ ಎನ್ನಬೇಕು.

ಎರಡೂ ಕಡೆ ಮೂಲ ತೊಂದರೆ ಒಂದೇ: ನೆಲ ಕಾಣುವುದಿಲ್ಲ. ಆದರೆ ನಾವಿಕರ ಜಗಳ ಒಂದು ಮಟ್ಟಿಗೆ ಸುಖಿಗಳ ಜಗಳವೆಂಬುದನ್ನು ಒಪ್ಪಿಕೊಳ್ಳಬೇಕು. ಲಂಗರು ಇಳಿಸಿ, ಸರಪಳಿ ಬಿಟ್ಟು, ಎಂಜಿನ್ನನ್ನು ನಿಧಾನವಾಗಿ ಹಿಂದಕ್ಕೆ ಓಡಿಸುತ್ತೇವೆ. ಬಿಗಿಯಾದ ಸರಪಳಿಯ ಮೇಲೆ ಅಂಗೈ ಇಟ್ಟರೆ, ಜಾರುವ ಲಂಗರು ಗಡಗಡನೆ ನಡುಗುವುದು ಕೈಗೇ ತಿಳಿಯುತ್ತದೆ. ದಡದ ಮೇಲಿನ ಒಂದು ಮರವನ್ನೂ ಅದರ ಹಿಂದಿನ ಮನೆಯನ್ನೂ ಒಂದೇ ಗೆರೆಯಲ್ಲಿ ಗುರುತಿಟ್ಟುಕೊಂಡು, ಗೆರೆ ಕದಲಿದರೆ ಮೇಲೆತ್ತಿ ಇನ್ನೊಂದು ಕಡೆ ಇಳಿಸುತ್ತೇವೆ. ಹೋಗುವುದು ಕಾಲು ಗಂಟೆ. ಬೋರನ್ನು ಮೇಲೆತ್ತಿ ಪಕ್ಕದಲ್ಲಿ ಇಳಿಸಲಾಗುವುದಿಲ್ಲ. ಅಡಿಗಿಷ್ಟೆಂದು ಲೆಕ್ಕ ಮಾಡುವ ಲಾರಿಯವರಿಗೆ ಧೂಳೂ ಒಂದೇ, ನೀರೂ ಒಂದೇ. ಮಗಳ ಮದುವೆಗೆಂದು ಇಟ್ಟ ಹಣವೆಲ್ಲ ಒಂದೇ ರಾತ್ರಿಯಲ್ಲಿ ಕಲ್ಲಿನೊಳಗೆ ಇಳಿದುಹೋಗುತ್ತದೆ. ಅಂಥ ಸಂದರ್ಭದಲ್ಲಿ ತೆಂಗಿನಕಾಯಿಗೆ ಕೈಮುಗಿಯುವವರನ್ನು ನೋಡಿ ನಗಲು ನನಗೆ ಮನಸ್ಸಾಗುವುದಿಲ್ಲ.

ಹಾಗಿದ್ದರೂ ಒಂದು ವಿಷಯದಲ್ಲಿ ನಾವಿಕರ ರೀತಿ ನಮ್ಮದಕ್ಕಿಂತ ಮೇಲು. ಅವರು ಸೋತದ್ದನ್ನು ಮುಚ್ಚಿಡುವುದಿಲ್ಲ. ಯಾವ ದೋಣಿ, ಎಷ್ಟು ತೂಕದ ಲಂಗರು, ಎಷ್ಟು ಆಳ, ಎಷ್ಟು ಸರಪಳಿ, ತಳದಲ್ಲಿ ಕೆಸರೋ ಮರಳೋ, ಗಾಳಿಯ ವೇಗ ಎಷ್ಟು ನಾಟ್ ಇದ್ದಾಗ ಜಾರಿತು ಎಂದು ದಿನಚರಿ ತೆಗೆದು ಓದುತ್ತಾರೆ, ಕೆಲವರಂತೂ ಹೆಮ್ಮೆಯಿಂದಲೇ ಓದುತ್ತಾರೆ. ನೀರಿನಡಿ ಕ್ಯಾಮೆರಾ ಇಳಿಸಿ, ಲಂಗರು ಮಗುಚಿಕೊಂಡು ಕಳೆಯ ಉಂಡೆ ಹೊತ್ತು ತಳದಲ್ಲಿ ಜಾರುವುದನ್ನು ಚಿತ್ರಿಸಿ ತೋರಿಸುವವರೂ ಇದ್ದಾರೆ. ಜಗಳ ತೀರದಿದ್ದರೂ ಈ ಕೊಲ್ಲಿಯಲ್ಲಿ ರಾತ್ರಿ ನಿಲ್ಲಬಹುದೇ ಬೇಡವೇ ಎಂಬುದು ಹೊಸಬನಿಗೆ ಗೊತ್ತಾಗುತ್ತದೆ. ನಮ್ಮ ಕಡೆ ಎರಡು ಇಂಚು ನೀರು ಬಿದ್ದ ಬೋರಿನ ಸುದ್ದಿ ಮುಳಬಾಗಿಲಿನವರೆಗೆ ಹೋಗುತ್ತದೆ. ಧೂಳು ಬಂದ ಬೋರು ಅಕ್ಕಪಕ್ಕದವರ ಪಿಸುಮಾತಿನಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ಕಾಯಿಯವರ ಲೆಕ್ಕದಲ್ಲಿ ಸೋಲೆಂಬುದೇ ಇರುವುದಿಲ್ಲ.

ಗ್ರಾಮ ಪಂಚಾಯಿತಿಯಲ್ಲಿ ಒಂದು ದಪ್ಪ ಪುಸ್ತಕವಿಟ್ಟು, ಕೊರೆಸಿದ ಪ್ರತಿ ಬೋರಿನ ಆಳ, ಮಣ್ಣು ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪು ಎಷ್ಟು ಅಡಿಗೆ ನಿಂತಿತು, ಯಾವ ಆಳದಲ್ಲಿ ಬಂಡೆಯ ಬಣ್ಣ ಬದಲಾಯಿತು, ತೇವ ಎಲ್ಲಿ ಕಂಡಿತು, ಪಾಯಿಂಟ್ ಯಾರದು ಎಂದು ಬರೆಸಿದರೆ ಹತ್ತು ವರ್ಷಕ್ಕೆ ಊರಿನ ನೆಲದ ಒಂದು ಅಂದಾಜು ಸಿಗುತ್ತದೆ ಎಂದು ನಾನು ಹೇಳಿದಾಗ, ದೊಡ್ಡಪ್ಪ ತಲೆಯಾಡಿಸಲಿಲ್ಲ. “ಫೇಲಾದ ಬೋರು ಬರೆಸಿದ್ರೆ ಆ ಜಮೀನು ಯಾರು ತಗೋತಾರಪ್ಪ? ಬ್ಯಾಂಕಿನೋರು ಸಾಲ ಕೊಡ್ತಾರಾ?” ಎಂದರು. ಲಂಗರು ಜಾರಿದ ಕಥೆ ಹೇಳಿಕೊಂಡವರ ದೋಣಿಯ ಬೆಲೆ ಇಳಿಯುವುದಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಸರ್ವೆ ನಂಬರನ್ನೂ ಹೆಸರನ್ನೂ ಬಿಟ್ಟು, ಕೆರೆಯ ಯಾವ ಮಗ್ಗುಲು ಮತ್ತು ಎಷ್ಟು ಅಡಿ ಎಂಬುದನ್ನಷ್ಟೇ ಬರೆದರೆ ಆದೀತೇ ಎಂದು ಕೇಳಿದ್ದಕ್ಕೆ, ಪಾಯಿಂಟ್ ಹಾಕಿದವರ ಹೆಸರನ್ನು ಮಾತ್ರ ಬಿಡಬೇಡ ಎಂದರು.